ಎರಡೂ ಕಣ್ಣು ಬರೋಬ್ಬರಿ

ಕೇಶರಬಾಯಿ ಬಾವಿಕಟ್ಟೆಯ ಮೇಲೆ ಅರ್ಧ ಮಾತು ಹೇಳಿದಳು. ಪೂರ್ತಿ ಹೇಳಿದ್ದರೆ ಗಂಡ ಸಿಟ್ಟಾಗುತ್ತಿದ್ದ, ಏನೂ ಹೇಳದಿದ್ದರೆ ಅವಳ ಹೊಟ್ಟೆ ಉಬ್ಬುತ್ತಿತ್ತು. ಹೀಗಾಗಿ ಅರ್ಧ ಹೇಳಿದಳು.

"ಇವರು ಇವತ್ತ ಹುಮನಾಬಾದಕ್ಕ ಹೊಂಟಾರ, ಡಾಕ್ಟರ್ ಕಡಿ."

ಪಕ್ಕದ ಮನೆಯ ಅಕ್ಬರಿ ಬೀ ಹಗ್ಗ ಕೈಬಿಟ್ಟಳು. ಕೊಡ ದುಡುಮ್ಮೆಂದು ಬಾವಿಯ ತಳ ಕಂಡಿತು. "ಯಾ ಅಲ್ಲಾ! ನಾಕೇದಾರ್ ಭಯ್ಯಾಗ ಏನಾತು?"

ಕೇಶರಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ನೆಗಡಿಯಾಗಿತ್ತು. ಓಣಿಯ ಹೆಂಗಸರು ಅದನ್ನು ನೆಗಡಿ ಎಂದು ತಿಳಿಯಲಿಲ್ಲ. ಬಿಸಿಲು ಕೋಟೆಯ ಬುರುಜು ಮುಟ್ಟುವ ಹೊತ್ತಿಗೆ, ನಾಕೇದಾರ ತುಳಜಾರಾಮ ಇನ್ನು ಎಂಟು ದಿನ ಇದ್ದರೆ ಹೆಚ್ಚು ಎಂಬುದು ಕಲ್ಯಾಣದ ಆ ಓಣಿಗೆಲ್ಲ ಖಾತ್ರಿಯಾಗಿತ್ತು.

ಅವಳು ನುಂಗಿಕೊಂಡ ಅರ್ಧ ಹೀಗಿತ್ತು: ತುಳಜಾರಾಮ ಡಾಕ್ಟರ ಹತ್ತಿರ ಹೊರಟಿದ್ದು ತನಗೆ ಯಾವ ರೋಗವೂ ಇಲ್ಲ ಎಂದು ತೋರಿಸುವುದಕ್ಕೆ.

ತುಳಜಾರಾಮ ನಿಜಾಮ ಸರ್ಕಾರದ ಕರೋಡಗೀರಿಯಲ್ಲಿ, ಅಂದರೆ ಸುಂಕದ ಖಾತೆಯಲ್ಲಿ, ಮೂವತ್ತೊಂದು ವರ್ಷ ದುಡಿದವನು. ಸರಹದ್ದಿನ ನಾಕೆಯಲ್ಲಿ ಕುರ್ಚಿ ಹಾಕಿ ಕೂತರೆ, ನಲವತ್ತು ಮಾರು ದೂರದ ಬಂಡಿಯ ಹುಲ್ಲಿನೊಳಗೆ ಬಚ್ಚಿಟ್ಟ ಸೊಲ್ಲಾಪುರದ ಸೀರೆಯ ಅಂಚು ಯಾವ ಬಣ್ಣದ್ದು ಎಂದು ಹೇಳುತ್ತಿದ್ದನಂತೆ. ಹೀಗೆಂದು ಹೇಳಿದವನು ಅವನೇ. ಆದರೂ ಬಂಡಿಯವರು ಅವನ ಕಣ್ಣಿಗೆ ಹೆದರುತ್ತಿದ್ದುದು ಸುಳ್ಳಲ್ಲ. ಆ ಮೂವತ್ತೊಂದು ವರ್ಷದಲ್ಲಿ ಅವನು ದವಾಖಾನೆಯ ಮೆಟ್ಟಿಲು ಹತ್ತಿರಲಿಲ್ಲ. ಮೊಣಕಾಲು ಆಗಲೂ ನೋಯುತ್ತಿತ್ತೋ ಏನೋ, ವಿಚಾರಿಸಲು ಅವನಿಗೆ ಪುರಸೊತ್ತಿರಲಿಲ್ಲ.

ಐವತ್ತೈದು ತುಂಬಿದ ದಿನ ಸರ್ಕಾರ ಕೊರಳಿಗೊಂದು ಹಾರ ಹಾಕಿ, ತಿಂಗಳಿಗೆ ಇಷ್ಟು ವಜೀಫೆ, ಅಂದರೆ ಪಿಂಚಣಿ, ಎಂದು ಹೇಳಿ, ಮನೆಗೆ ಕಳಿಸಿತು. ಮೂರನೆಯ ತಿಂಗಳಿನಿಂದ ರೋಗಗಳು ಒಂದೊಂದೇ ಬಂದು ವಿಚಾರಿಸತೊಡಗಿದವು. ನೌಕರಿಯಲ್ಲಿರುವವನು ಕೆಮ್ಮಿದರೆ ಯಾರಿಗೂ ಕೇಳಿಸುವುದಿಲ್ಲ. ಕಟ್ಟೆಯ ಮೇಲೆ ಕೂತ ವಜೀಫೆದಾರ ಕೆಮ್ಮಿದರೆ ನಾಲ್ಕು ಮನೆಯಿಂದ ನಾಲ್ಕು ಔಷಧ ಬರುತ್ತವೆ, ಬೇಡವೆಂದರೆ ನಾಲ್ಕು ಮನೆಗೂ ಬೇಸರ. ಹಕೀಮರ ಲೇಹ್ಯ, ವೈದ್ಯರ ಎಣ್ಣೆ, ಇನ್ನಾರದೋ ತಾಯಿತ. ಒಂದನೆಯ ತಾರೀಖು ಬಂದ ವಜೀಫೆ ಹನ್ನೆರಡನೆಯ ತಾರೀಖಿಗೆ ಸೀಸೆಗಳಾಗಿ ಗೂಡಿನಲ್ಲಿ ಸಾಲಾಗಿ ನಿಂತಿರುತ್ತಿತ್ತು. ಇಷ್ಟಾದ ಮೇಲೆ ಹೋದ ವರ್ಷ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಇಳಿಯಿತು. ಈಗ ಅವನಿಗೆ ಹಗಲೆಂದರೆ ಹಾಲಿನಲ್ಲಿ ಅದ್ದಿದ ಬಟ್ಟೆಯ ಆಚೆ ಏನೋ ಅಲ್ಲಾಡಿದ ಹಾಗೆ.

ಸೊಲ್ಲಾಪುರದ ಕಣ್ಣಿನ ಡಾಕ್ಟರು ಪೊರೆ ತೆಗೆಯಬಹುದು ಎಂದಿದ್ದರು. ಫೀಜು, ಹಾಸಿಗೆ, ಹದಿನೈದು ದಿನದ ಊಟ, ಎಲ್ಲವೂ ಇಂಗ್ರೇಜಿ ಕಲ್ದಾರ್ ರೂಪಾಯಿಯಲ್ಲಿ. ಅಷ್ಟು ಹಣ ತುಳಜಾರಾಮನ ಏಳು ತಲೆಮಾರು ಕಂಡಿರಲಿಲ್ಲ. ಆಗ ದಾರಿ ತೋರಿಸಿದವನು ಹಳೆಯ ಗೆಳೆಯ, ಹುಮನಾಬಾದಿನ ಖಜಾನೆಯ ಗುಮಾಸ್ತ ಜಹೀರುದ್ದೀನ್. "ವಜೀಫೆಯ ಮೂರನೇ ಪಾಲು ಸರ್ಕಾರಕ್ಕ ಮಾರಿಬಿಡ್ರಿ ಭಾಯಿ. ಒಮ್ಮೆಲೇ ಸಾವಿರ ರೂಪಾಯಿ ಕೈಯಾಗ ಬರ್ತದ."

ಒಂದೇ ಒಂದು ಕಟ್ಟಳೆಯಿತ್ತು. ನಾಳೆ ಸಾಯುವವನಿಗೆ ಇಡಿಗಂಟು ಕೊಟ್ಟು ಮೋಸಹೋಗಲು ಸರ್ಕಾರ ತಯಾರಿರಲಿಲ್ಲ. ಮಾರುವವನು ಗಟ್ಟಿಮುಟ್ಟಾಗಿದ್ದಾನೆ, ಎದೆ ಕಾಲು ಕಣ್ಣು ಎಲ್ಲ ಸರಿಯಾಗಿವೆ ಎಂದು ಸರ್ಕಾರಿ ಡಾಕ್ಟರು ಸಹಿ ಹಾಕಬೇಕು. ಕಣ್ಣಿಗೆ ಹಣ ಬೇಕು, ಹಣಕ್ಕೆ ಕಣ್ಣು ಬೇಕು. ಇಂಥ ಕಾನೂನು ಬರೆದವನ ಕಣ್ಣು ಮಾತ್ರ ಚೆನ್ನಾಗಿದ್ದಿರಬೇಕು.

ಜಹೀರುದ್ದೀನ್ ಅದಕ್ಕೂ ಉಪಾಯ ಮಾಡಿದ್ದ. ಡಾಕ್ಟರು ಗೋಡೆಗೆ ತೂಗುಹಾಕಿ ಓದಿಸುವ ಉರ್ದು ಅಕ್ಷರಗಳ ತಖ್ತೆಯನ್ನು ಸಾಲು ಸಾಲಾಗಿ ಬರೆದುಕೊಂಡು ಬಂದು, ಎರಡು ರವಿವಾರ ಕೂತು ಗೆಳೆಯನಿಗೆ ಬಾಯಿಪಾಠ ಮಾಡಿಸಿದ. ಅರ್ಜಿಯ ಜೊತೆಗಿನ ತಂದುರುಸ್ತಿ ಕಾಗದವನ್ನೂ, ಅಂದರೆ ಆರೋಗ್ಯದ ಪ್ರಮಾಣಪತ್ರವನ್ನೂ, ಅವನೇ ಚೆಂದದ ಅಕ್ಷರದಲ್ಲಿ ತುಂಬಿಕೊಟ್ಟ. ಡಾಕ್ಟರು ಪರೀಕ್ಷೆ ಮಾಡಿ, ಒಪ್ಪಿಗೆಯಾದರೆ ಕೆಳಗೆ ಸಹಿ ಹಾಕಿದರೆ ಆಯಿತು.

ಓಣಿಗೆ ಇದನ್ನು ಹೇಳುವಂತಿರಲಿಲ್ಲ. ಕಣ್ಣು ಕಾಣದ ಸಂಗತಿ ಡಾಕ್ಟರ ಕಿವಿಗೆ ಬಿದ್ದರೆ ಕೆಲಸ ಕೆಟ್ಟಿತು. ಸಾವಿರ ರೂಪಾಯಿಯ ಸಂಗತಿ ಓಣಿಯ ಕಿವಿಗೆ ಬಿದ್ದರೆ ಸಾವಿರವೂ ಕೈಗಡವಾಗಿ ಹೋಯಿತು.

ತುಳಜಾರಾಮ ಶೇರವಾನಿ ತೊಟ್ಟು ಹೊರಗೆ ಬಂದಾಗ ಬಾಗಿಲ ಮುಂದೆ ಹತ್ತು ಹದಿನೈದು ಜನರ ನೆರಳು ಕಂಡಿತು. ಯಾರು ಯಾರೆಂದು ತಿಳಿಯುವ ಮೊದಲೇ ಯಾವುದೋ ಕೈ ಅವನ ಗದ್ದ ಹಿಡಿದೆತ್ತಿತು.

"ಅಲ್ಲಾಡಬ್ಯಾಡ್ರಿ ಭಯ್ಯಾ" ಎಂದಳು ಅಕ್ಬರಿ ಬೀ. "ನಮ್ಮ ಅಜ್ಜಿ ಕಾಲದ ಸುರ್ಮಾ. ಡಾಕ್ಟರ್ ಮುಂದ ಹೋಗಾಕತ್ತೀರಿ, ಮುಖದ ಮ್ಯಾಲ ಸ್ವಲ್ಪ ಕಳೆ ಇರ್ಲಿ."

ಎರಡೂ ಕಣ್ಣಿಗೆ ಕೆಂಡ ಸುರಿದಂತಾಯಿತು. ಕಪ್ಪು ನೀರು ಗಲ್ಲದ ಮೇಲೆ ಇಳಿದು ಮೀಸೆ ಸೇರಿತು. ಇದ್ದ ಅರೆಬರೆ ನೋಟವೂ ಹೋಯಿತು. ಅಷ್ಟರಲ್ಲಿ ಬಂಡೆಪ್ಪ ಅವನ ತೋಳು ಹಿಡಿದುಕೊಂಡ.

ಬಂಡೆಪ್ಪನದು ಎದುರಿಗೇ ಕಿರಾಣಿ ಅಂಗಡಿ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಅವನಿಂದ ತಪ್ಪಿಸಿಕೊಳ್ಳಬಹುದಾಗಿತ್ತು.

"ನಾನೂ ಬರಾಕತ್ತೇನ್ರಿ ನಿಮ್ಮ ಜೋಡಿ."

"ಬ್ಯಾಡಪ್ಪಾ ಬಂಡೆಪ್ಪ, ಅಂಗಡಿ ಬಿಟ್ಟು ಯಾಕ ಬರ್ತಿ? ನಾ ಹೋಗಿ ಬರ್ತೇನಿ."

"ಅಂಗಡಿ ಹೋಗ್ಲಿ ಬಿಡ್ರಿ. ನಿಮಗ ನಿಮ್ಮ ರೋಗ ಹೇಳಾಕ ಬರಂಗಿಲ್ಲ. ಹೋದ್ಸಲ ಹಕೀಮರ ಮುಂದ ಏನಂದ್ರಿ? 'ಎಲ್ಲಾ ಆರಾಮ ಅದ' ಅಂದ್ರಿ. ರೋಗ ಅಂಬೋದು ಪೂರಾ ಹೇಳಬೇಕ್ರಿ. ನಾ ಹೇಳ್ತೇನಿ. ಮೊಣಕಾಲು, ದಮ್ಮು, ರಾತ್ರಿ ನಾಕ್ ಸಲ ಏಳೋದು, ಕಣ್ಣು..."

"ಕಣ್ಣಿಗೇನಾಗ್ಯದ?" ತುಳಜಾರಾಮ ಗಾಬರಿಯಾಗಿ ಕೇಳಿದ.

"ಅಯ್ಯ ನಾಕೇದಾರ್ರ, ಮೊನ್ನಿ ಸೋಮವಾರ ನಮ್ಮ ಎಮ್ಮಿಗಿ 'ಏನ್ ಬಂಡೆಪ್ಪ, ವ್ಯಾಪಾರ ಹ್ಯಾಂಗದ?' ಅಂತ ಕೇಳಿದ್ರಿ. ನಾ ಒಳಗ ಕುಂತು ಕೇಳೇನಿ. ಸಿಟ್ಟೇನಿಲ್ಲ ನನಗ."

ಮೋಟಾರಿನಲ್ಲಿ ಬಂಡೆಪ್ಪ ಮೈ ಒತ್ತಿಕೊಂಡೇ ಕೂತ. ಅದು ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೂ ಸಿಗುತ್ತಿರಲಿಲ್ಲ. ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲು ಸುಟ್ಟು ಓಡುವ ಮೋಟಾರು ಏರು ಬಂದಲ್ಲೆಲ್ಲ ಉಸಿರು ಬಿಟ್ಟು ನಿಲ್ಲುತ್ತಿತ್ತು. ಜನ ಇಳಿದು ನೂಕಬೇಕು. ಮೊದಲ ಏರಿನಲ್ಲಿ ತುಳಜಾರಾಮ ಎಲ್ಲರಿಗಿಂತ ಮುಂಚೆ ಧೋತರ ಮೇಲೆ ಕಟ್ಟಿ ಇಳಿದ. ಗಟ್ಟಿಮುಟ್ಟಾಗಿರುವುದನ್ನು ಇಲ್ಲಿಂದಲೇ ರೂಢಿ ಮಾಡಿಕೊಳ್ಳಬೇಕು ಎಂಬುದು ಅವನ ಲೆಕ್ಕ. ಬಂಡೆಪ್ಪ ಕೈ ಅಡ್ಡ ಹಾಕಿದ.

"ಯಾರ್ರೀ ಇವರಿಗಿ ನೂಕಾಕ ಬಿಟ್ಟವ್ರು? ದವಾಖಾನಿಗಿ ಹೊಂಟ ಮನಷ್ಯಾ! ಕುಂದ್ರಿಸ್ರಿ ಒಳಗ!"

ಆರು ಜನ ನಾಕೇದಾರನನ್ನು ಎತ್ತಿ ಒಳಗೆ ಕೂರಿಸಿ, ಅವನ ಸಮೇತ ಮೋಟಾರನ್ನು ನೂಕಿದರು. ಮತ್ತೆ ಹತ್ತಿ ಕೂತಮೇಲೆ ಒಬ್ಬೊಬ್ಬರೂ ಒಂದೊಂದು ಔಷಧ ಹೇಳಿದರು. ತುಳಜಾರಾಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದ. ಅಲಿಫ್, ಮೀಮ್, ಸೀನ್. ರೇ, ಕಾಫ್, ನೂನ್, ಹೇ.

ನಡುದಾರಿಯ ಹಳ್ಳಿಯೊಂದರಲ್ಲಿ ಜವಾನ ಸಿದ್ದಪ್ಪ ಹತ್ತಿದ. ಪೊಲೀಸು ಠಾಣೆಯವನು. ಕೈಯಲ್ಲಿ ಮಡಿಸಿದ ಕಾಗದವಿತ್ತು. ಬಂಡೆಪ್ಪ ಬಿಡುತ್ತಾನೆಯೇ?

"ಯಾರದ್ರಿ ಕಾಗದ?"

"ಲಾವಾರಿಸ್ ಹೆಣದ್ದರಿ. ಮೊನ್ನಿ ರಸ್ತೆ ಬಾಜೂ ಬಾವ್ಯಾಗ ಸಿಕ್ತು. ವಾರಸುದಾರರು ಯಾರೂ ಬರ್ಲಿಲ್ಲ. ಕಂಪೌಂಡರ್ ನೋಡಿ ಎಲ್ಲಾ ಬರದಾನ. ಇವತ್ತ ಊರೂರು ದೌರೆ ಮ್ಯಾಲ ಡಾಕ್ಟರ್ ಸಾಹೇಬ್ರು ಹುಮನಾಬಾದಕ್ಕ ಬಂದಾರಲ್ಲ, ಅವರ ಸಹಿ ಆಗಬೇಕು, ಮೊಹರು ಬೀಳಬೇಕು. ಅಲ್ಲೀತನಕ ಅಂವ ಸತ್ತಂಗಲ್ಲ."

"ಯಾರೋ ಪಾಪ. ವಯಸ್ಸಿನ ಹುಡುಗನೇನು?"

"ಅಲ್ರಿ, ಮುದುಕ. ಅರವತ್ತರ ಸುಮಾರು. ಎರಡೂ ಕಣ್ಣಾಗ ಮೋತಿಬಿಂದು ಇದ್ದೂವಂತ. ಬಾವಿ ಅದ ಅಂತ ಕಂಡಿಲ್ಲ, ಕಾಲಿಟ್ಟಾನ. ಅಗೋ ಬಲಗಡಿ ನೋಡ್ರಿ, ಹುಣಸಿಗಿಡದ ಬುಡಕ, ಅದೇ ಬಾವಿ."

ಎಲ್ಲರೂ ಬಲಕ್ಕೆ ಬಗ್ಗಿ ನೋಡಿದರು. ತುಳಜಾರಾಮನೂ ಬಲಕ್ಕೆ ತಿರುಗಿ ಕೈಮುಗಿದ. ಅವನಿಗೆ ಬಾವಿಯೂ ಕಾಣಲಿಲ್ಲ, ಹುಣಸೆಗಿಡವೂ ಕಾಣಲಿಲ್ಲ. ಸಾವಿರ ರೂಪಾಯಿ ಸಿಗಲೇಬೇಕು ಎಂದು ಅವನಿಗೆ ಆವರೆಗೆ ಅಷ್ಟು ಅನಿಸಿರಲಿಲ್ಲ.

ಡಾಕ್ಟರು ಡಾಕ್ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಹೆಸರು ನರಸಿಂಗರಾವ್. ವಯಸ್ಸು ಐವತ್ತೈದು ಮುಗಿದು ಎರಡು ವರ್ಷವಾಗಿದ್ದರೂ, ಯುದ್ಧದಲ್ಲಿ ಡಾಕ್ಟರುಗಳಿಗೆ ಬರ ಬಂದದ್ದರಿಂದ ಸರ್ಕಾರ ಅವರನ್ನು ಮತ್ತೆ ಮತ್ತೆ ಮುಂದುವರಿಸಿತ್ತು. ತುಳಜಾರಾಮ ಬಂಡೆಪ್ಪನನ್ನು ತೊಲಗಿಸಲು ತನಗೆ ಎಳನೀರು ಬೇಕೆಂದ. ಹುಮನಾಬಾದಿನಲ್ಲಿ ಎಳನೀರು ಸಿಗುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ್ದು. ಬಂಡೆಪ್ಪ ರೋಗಿಯ ಕೊನೆಯ ಆಸೆಯೆಂಬಂತೆ ಪೇಟೆಯ ಕಡೆ ಓಡಿದ.

ಒಳಗೆ ಮೇಜು, ಮೇಜಿನ ಹಿಂದೆ ಡಾಕ್ಟರು, ಆಚೆ ಬಿಳಿಗೋಡೆ. ತುಳಜಾರಾಮ ದನಿ ಬಂದ ದಿಕ್ಕಿಗೆ ಸಲಾಮು ಹೊಡೆದು ಕಾಗದವನ್ನು ಮೇಜಿನ ಎಡಭಾಗದಲ್ಲಿಟ್ಟ. ಹಿಂದೆಯೇ ಬಂದ ಸಿದ್ದಪ್ಪ ತನ್ನದನ್ನು ಬಲಭಾಗದಲ್ಲಿಟ್ಟು ಗೋಡೆಗೆ ಒರಗಿ ನಿಂತ. ಡಾಕ್ಟರ ಆಳು ಚಹಾ ತರಲು ಹೋಗಿದ್ದ.

ಎದೆಯ ಪರೀಕ್ಷೆ ಆಯಿತು. ಉಸಿರು ಬಿಗಿಹಿಡಿದು ಗೆದ್ದ. ಮೊಣಕಾಲು ಮಡಚಿ ಎದ್ದಾಗ ಲಟಕ್ಕೆಂದ ಸದ್ದಿನ ಮೇಲೆ ಸರಿಯಾಗಿ ಒಂದು ಕೆಮ್ಮು ಹಾಕಿದ. ಕೊನೆಗೆ ಡಾಕ್ಟರು ಬೆತ್ತ ಎತ್ತಿ ಗೋಡೆಯ ಕಡೆ ತೋರಿಸಿದರು.

"ಆ ತಖ್ತಿ ಓದ್ರಿ."

ಗೋಡೆಯ ಮೇಲೆ ಬೆಳ್ಳಗೆ ಏನೋ ತೂಗುತ್ತಿತ್ತು. ಅದರ ಮೇಲೆ ಅಕ್ಷರ ಇರಬೇಕಾದಲ್ಲಿ ತುಳಜಾರಾಮನಿಗೆ ಬರೀ ಮಂಜು. ಅವನು ಕೈ ಕಟ್ಟಿ ನಿಂತು ಮೊದಲ ಸಾಲಿನಿಂದ ಶುರುಮಾಡಿದ. "ಅಲಿಫ್. ಮೀಮ್, ಸೀನ್. ರೇ, ಕಾಫ್, ನೂನ್, ಹೇ..." ಐದೂ ಸಾಲು ಒಂದು ತಪ್ಪಿಲ್ಲದೆ ಮುಗಿಸಿದ. ಸಣ್ಣಕ್ಷರದ ಕೊನೆಯ ಸಾಲಿಗೆ ಬಂದಾಗ ಸಹಜವಾಗಿರಲೆಂದು ಸ್ವಲ್ಪ ಕಣ್ಣು ಕಿರಿದು ಮಾಡಿದ.

"ಶಾಬಾಸ್!" ಡಾಕ್ಟರು ಬೆತ್ತ ಕೆಳಗಿಟ್ಟರು. "ಈ ವಯಸ್ಸಿಗಿ ಇಂಥಾ ಕಣ್ಣು! ಇಡೀ ತಾಲೂಕಿನಾಗ ನೋಡಿಲ್ಲ ನಾನು."

ಅದೇ ಹೊತ್ತಿಗೆ ಬಾಗಿಲು ಧಡಾರೆಂದು ತೆರೆದು, ಎಳನೀರು ಸಿಗದ ಬಂಡೆಪ್ಪ ಬೆವರುತ್ತಾ ಒಳನುಗ್ಗಿದ. ನುಗ್ಗಿದವನು ಮೇಜಿಗೆ ಬಡಿದ, ಕಾಗದಗಳೆರಡೂ ನೆಲಕ್ಕೆ ಹಾರಿದವು. "ಮಾಫ್ ಮಾಡ್ರಿ, ಮಾಫ್ ಮಾಡ್ರಿ" ಎನ್ನುತ್ತಾ ಅವನೇ ಬಗ್ಗಿ ಎತ್ತಿ, ಧೂಳು ಊದಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಅಚ್ಚುಕಟ್ಟಾಗಿ ಇಟ್ಟ. ಅವನಿಗೆ ಓದಲು ಬರುತ್ತಿದ್ದುದು ಅಂಗಡಿಯ ಕನ್ನಡ ಮಾತ್ರ. ಉರ್ದು ಕಾಗದ ಮೇಲೆ ಯಾವುದು ಕೆಳಗೆ ಯಾವುದು ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

"ಸಾಹೇಬ್ರ, ಇವರ ಮಾತ ನಂಬಬ್ಯಾಡ್ರಿ! ಇವರಿಗಿ ದಮ್ಮು ಅದ, ಮೊಣಕಾಲ ಹಿಡದದ, ಕಣ್ಣಂತೂ ಪೂರಾ ಹೋಗ್ಯಾವ! ಚಲೋ ಔಷಧ ಬರೀರಿ ನೀವು, ಪಾಪ, ಹೇಳಿಕೊಳ್ಳೂ ಮನಷ್ಯಾ ಅಲ್ಲ!"

ತುಳಜಾರಾಮನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆದರೆ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಮುಖ ಕೆಂಪಾಗಿತ್ತು.

"ಕಣ್ಣು ಹೋಗ್ಯಾವ? ಈಗರೆ ಪರೀಕ್ಷೆ ಮಾಡೇನಿ ನಾನು. ನನಗ ಕಣ್ಣ ಕಾಣಂಗಿಲ್ಲಂತ ಹೇಳಾಕತ್ತೀಯೇನು? ಮೂವತ್ತ ವರ್ಷದ ಡಾಕ್ಟರ್ ನಾನು! ನಡಿ ಹೊರಗ!"

ಇಷ್ಟು ಸಿಟ್ಟಿಗೆ ಕಾರಣವೇನೆಂದು ಬಂಡೆಪ್ಪನಿಗೆ ತಿಳಿಯಲಿಲ್ಲ. ಅವನು ಹಿಂದೆ ಸರಿದು ಬಾಗಿಲಲ್ಲಿ ನಿಂತ. ಡಾಕ್ಟರು ಕೈಯಿಂದ ಮೇಜು ಸವರಿ ಒಂದು ಕಾಗದದ ಅಂಚು ಹಿಡಿದು ಸಹಿ ಹಾಕಿ ಮೊಹರು ಕುಟ್ಟಿದರು. ಇನ್ನೊಂದಕ್ಕೂ ಸಹಿ, ಮೊಹರು. "ಎಡಗಡಿದು ನಾಕೇದಾರ್ದು, ಬಲಗಡಿದು ಪೊಲೀಸ್ದು" ಎಂದು ಕೊಟ್ಟು ಕಳಿಸಿದರು.

ಹೊರಗೆ ಬೇವಿನ ನೆರಳಿನಲ್ಲಿ ತುಳಜಾರಾಮ ಕಾಗದವನ್ನು ಎದೆಗೊತ್ತಿಕೊಂಡು ನಿಂತ. ಬಂಡೆಪ್ಪ ಮುಖ ಸಣ್ಣಗೆ ಮಾಡಿಕೊಂಡು ಹತ್ತಿರ ಬಂದ.

"ನಾಕೇದಾರ್ರ, ಒಂದ ಮಾತ ಕೇಳ್ಲೇನ್ರಿ? ಆ ಗೋಡಿ ಮ್ಯಾಲಿನ ಕೋಟಿನ ಮ್ಯಾಲ ಏನ್ ಬರದಿತ್ತು?"

"ಯಾವ ಕೋಟು?"

"ನೀವು ಓದಿದ್ರಲ್ಲ, ಬಾಗಲ ಹೊರಗ ನಿಂತು ಕೇಳೇನಿ, ಒಳಗ ಬಂದು ನೋಡೇನಿ. ಡಾಕ್ಟರ್ ಸಾಹೇಬ್ರದು ಬಿಳೀ ಕೋಟು, ಮೊಳಿಗಿ ಹಾಕಿತ್ತು. ತಖ್ತಿನೋ ಗಿಖ್ತಿನೋ ಅಲ್ಲೇ ಪೆಟಿಗ್ಯಾಗ ಸುತ್ತಿ ಇಟ್ಟಿತ್ತು."

ತುಳಜಾರಾಮ ಒಳಗೆ ನಡೆದದ್ದನ್ನು ಮತ್ತೆ ನೆನೆದ. ಬೆತ್ತ ಎತ್ತಿ ಕೋಟು ತೋರಿಸಿದ ಡಾಕ್ಟರು. ಮೇಜು ಸವರಿ ಕಾಗದ ಹುಡುಕಿದ ಡಾಕ್ಟರು. ಆಮೇಲೆ ಅವನು ನಗತೊಡಗಿದ. ವಜೀಫೆ ಆದ ಮೇಲೆ ಅಷ್ಟು ನಕ್ಕಿರಲಿಲ್ಲ. ನಗುತ್ತಾ ದಮ್ಮು ಹತ್ತಿ ಬೇವಿನ ಮರ ಹಿಡಿದು ಕೂತ.

"ನಡಿ ಬಂಡೆಪ್ಪ, ಖಜಾನಿಗಿ. ನಿನಗ ಜಿಲೇಬಿ ತಿನಸ್ತೇನಿ."

ಖಜಾನೆಯ ಕಿಟಕಿಯಲ್ಲಿ ಜಹೀರುದ್ದೀನ್ ಕಾಯುತ್ತಿದ್ದ. ಕಾಗದ ಬಿಡಿಸಿದ. ಮೊದಲ ಸಾಲು ಓದಿದ. ಮೆಲ್ಲಗೆ ಮಡಚಿ ಅರ್ಜಿಗಳ ಕೆಳಗೆ ಸರಿಸಲು ಹೋದ. ಆದರೆ ಹಿಂದಿನ ಮೇಜಿನಿಂದ ಹಿರಿಯ ಅಧಿಕಾರಿಯ ದನಿ ಬಂತು.

"ಏನದು ಜಹೀರುದ್ದೀನ್? ಜೋರಾಗಿ ಓದ್ರಿ."

"ಸಾಹೇಬ್, ಸ್ವಲ್ಪ..."

"ಓದ್ರಿ."

ಜಹೀರುದ್ದೀನ್ ಕಾಗದ ಮತ್ತೆ ಬಿಡಿಸಿದ. "ಲಾವಾರಿಸ್ ಲಾಶ್. ಗಂಡಸು, ಉಮರ್ ಅರವತ್ತರ ಸುಮಾರು. ಬಿಳೀ ಕೂದಲು, ಮುಂದಿನ ನಾಕ್ ಹಲ್ಲಿಲ್ಲ. ಎರಡು ದಿವಸ ನೀರಾಗ ಇತ್ತು. ಎರಡೂ ಕಣ್ಣಾಗ ಮೋತಿಬಿಂದು." ಅವನು ಗೆಳೆಯನ ಮುಖ ನೋಡಲಾರದೆ ಕಾಗದ ಕೆಳಗಿಟ್ಟ. "ಸಹಿ, ಮೊಹರು, ಎಲ್ಲಾ ಅದ ಸಾಹೇಬ್."

ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ತುಳಜಾರಾಮನ ಬಾಯಿಯಲ್ಲೂ ಮುಂದಿನ ನಾಲ್ಕು ಹಲ್ಲಿರಲಿಲ್ಲ. ಅಧಿಕಾರಿ ನ್ಯಾಯವಂತ, ಕೆಟ್ಟವನಲ್ಲ. ಎದ್ದು ಕಿಟಕಿಗೆ ಬಂದು ನಾಕೇದಾರನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಮೂವತ್ತ ವರ್ಷ ಸರ್ಕಾರಿ ಕಾಗದ ಓದಿದವ್ರು. ಈ ಕಾಗದ ಓದದ ಹ್ಯಾಂಗ ತಂದ್ರಿ? ಸತ್ತಾಂವನ ಕಾಗದದ ಮ್ಯಾಲ ಸರ್ಕಾರದ ಸಾವಿರ ರೂಪಾಯಿ ಎತ್ತಾಕ ಬಂದೀರಿ ಅಂತ ನಾ ತಿಳಿಬೇಕೇನು? ಹಂಗಿದ್ರ ಇದು ದಗಾ. ಇದ್ದ ವಜೀಫಾನೂ ಬಂದ್ ಆಗ್ತದ. ಇಲ್ಲಾ, ಓದಾಕ ಬರಲಿಲ್ಲಂತ ಹೇಳ್ರಿ. ಯಾಕ ಬರಲಿಲ್ಲ, ಅದನ್ನೂ ಹೇಳ್ರಿ."

ತುಳಜಾರಾಮ ಕಿಟಕಿಯ ಸರಳು ಹಿಡಿದ. ಕಳ್ಳನೆಂದು ಒಪ್ಪಿದರೆ ವಜೀಫೆ ಹೋಯಿತು. ಕುರುಡನೆಂದು ಒಪ್ಪಿದರೆ ಸಾವಿರ ಹೋಯಿತು, ಸಾವಿರದ ಜೊತೆ ಕಣ್ಣೂ ಹೋಯಿತು. ಮೂರನೆಯದೇನಾದರೂ ಇದೆಯೇ ಎಂದು ಹುಡುಕಿದ. ಅವಸರದಲ್ಲಿ ನೋಡಲಿಲ್ಲ ಎನ್ನಬಹುದಿತ್ತು. ಚಾಳೀಸು ಮರೆತು ಬಂದೆ ಎನ್ನಬಹುದಿತ್ತು. ಹೌದು, ಚಾಳೀಸು! ಅವನು ಬಾಯಿ ತೆರೆದ.

"ಸಾಹೇಬ್ರ, ನಮ್ಮ ನಾಕೇದಾರ್ರಿಗಿ ಕಳ್ಳ ಅನಬ್ಯಾಡ್ರಿ!" ಬಂಡೆಪ್ಪ ಅಳುವ ದನಿಯಲ್ಲಿ ಮುಂದೆ ನುಗ್ಗಿದ. "ದೇವರಂಥಾ ಮನಷ್ಯಾ! ಅವರಿಗಿ ಕಣ್ಣ ಕಾಣಂಗಿಲ್ರೀ, ಎರಡೂ ಕಣ್ಣು! ನಮ್ಮ ಎಮ್ಮಿ ಯಾವುದು, ನಾ ಯಾರು, ಅಷ್ಟೂ ಗುರ್ತು ಹತ್ತಂಗಿಲ್ಲ! ಬೇಕಾದ್ರ ಓಣಿಗಿ ಓಣಿನ ಕೇಳ್ರಿ!"

ಜಹೀರುದ್ದೀನ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಹಂಗಾದ್ರ" ಎಂದ ಅಧಿಕಾರಿ, "ಡಾಕ್ಟರು ಇವರಿಗಿ ಪರೀಕ್ಷೆ ಮಾಡಿಲ್ಲೇನು?"

ಇಲ್ಲಿ ತುಳಜಾರಾಮನ ಕೈಯಲ್ಲಿ ಒಂದು ಮಾತಿತ್ತು. ಕೋಟಿನ ಸಂಗತಿ ಹೇಳಿದ್ದರೆ ಸಂಜೆಯೊಳಗೆ ನರಸಿಂಗರಾಯರೂ ಹಾರ ಹಾಕಿಸಿಕೊಂಡು ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಮೂರನೆಯ ತಿಂಗಳಿಗೆ ಕೆಮ್ಮಲು ಶುರುಮಾಡುತ್ತಿದ್ದರು. ಹೇಳಿಬಿಡಬೇಕೆಂದು ಅವನಿಗೆ ಒಂದು ಕ್ಷಣ ಅನಿಸಿತು. ತನ್ನ ಹಾಗೆಯೇ ಮುಚ್ಚಿಟ್ಟುಕೊಂಡು ದಿನ ತಳ್ಳುವ ಇನ್ನೊಬ್ಬ ಮುದುಕ ಎಂದು ಅದರ ಹಿಂದೆಯೇ ಅನಿಸಿತು. ಬಂಡೆಪ್ಪ ಬಾಯಿ ತೆರೆಯುವುದು ಕೇಳಿಸಿ, ಕತ್ತಲಲ್ಲಿ ತಡಕಾಡಿದಂತೆ ತಡಕಿ ಅವನ ಬಾಯಿ ಮುಚ್ಚಿದ.

"ಡಾಕ್ಟರ್ ಸಾಹೇಬ್ರ ತಪ್ಪೇನಿಲ್ಲರಿ. ನಾನ ತಖ್ತಿ ಬಾಯಿಪಾಠ ಮಾಡಿ ಒಪ್ಪಿಸೇನಿ. ಕಾಗದಾನೂ ನಾವ ಅದಲು ಬದಲು ಮಾಡಿಕೊಂಡೀವಿ."

ಅಧಿಕಾರಿ ಅರ್ಜಿಯ ಮೇಲೆ ಓರೆಯಾಗಿ ಎರಡು ಸಾಲು ಬರೆದ. ನಾಮಂಜೂರು. ಆಮೇಲೆ ಅವನ ಮನಸ್ಸು ಕರಗಿತು. ಕಿಟಕಿಯಿಂದ ಕೈ ಹೊರಗೆ ಚಾಚಿ ತುಳಜಾರಾಮನ ಭುಜ ತಟ್ಟಿದ.

"ಗಾಬರಿ ಆಗಬ್ಯಾಡ್ರಿ. ದಗಾ ಅಂತ ನಾ ಬರೆಯಂಗಿಲ್ಲ, ವಜೀಫಾ ಚಾಲೂ ಇರ್ತದ. ಈಗ ಮೋತಿಬಿಂದು ಅಂದ್ರ ದೊಡ್ಡ ಮಾತಲ್ಲ, ಸೊಲ್ಲಾಪುರದಾಗ ಚಲೋ ಡಾಕ್ಟರ್ ಇದ್ದಾರಂತ. ಮೊದಲ ಆಪರೇಷನ್ ಮಾಡಿಸ್ಕೊಂಡ ಬರ್ರಿ. ಕಣ್ಣ ಬಂದ ಮ್ಯಾಲ ಹೊಸಾ ಅರ್ಜಿ ಕೊಡ್ರಿ. ನಿಮ್ಮ ಸಾವಿರ ರೂಪಾಯಿ ಎಲ್ಲಿ ಹೋಗ್ತದ? ಇಲ್ಲೇ ಇರ್ತದ."

ಜಹೀರುದ್ದೀನ್ ವಾಪಸು ಕೊಟ್ಟ ಹೆಣದ ಕಾಗದವನ್ನು ಕಿಸೆಗೆ ಹಾಕಿಕೊಂಡು ತುಳಜಾರಾಮ ಅಧಿಕಾರಿಗೆ ಸಲಾಮು ಮಾಡಿದ. ಸಲಾಮು ಕಿಟಕಿಯ ಪಕ್ಕದ ಗೋಡೆಗೆ ಬಿತ್ತು.

ಸಂಜೆಯ ಮೋಟಾರಿನಲ್ಲಿ ಸಿದ್ದಪ್ಪನೂ ಇದ್ದ. ತನ್ನ ಕಿಸೆಯಲ್ಲಿ ಏನಿದೆ ಎಂದು ಅವನಿಗೆ ಬಂಡೆಪ್ಪನೇ ತಿಳಿಸಿದ. ರಸ್ತೆ ಬದಿಯ ಬಾವಿಯಲ್ಲಿ ಸಿಕ್ಕ ಹೆಣದ ಎದೆ ಗಟ್ಟಿಯಾಗಿದೆ, ಕಾಲು ಗಟ್ಟಿಯಾಗಿವೆ, ಎರಡೂ ಕಣ್ಣು ಬರೋಬ್ಬರಿ, ಸರ್ಕಾರ ನಿಶ್ಚಿಂತೆಯಿಂದ ಹಣ ಕೊಡಬಹುದು ಎಂದು ಆ ಕಾಗದ ಹೇಳುತ್ತಿತ್ತು. ಸಿದ್ದಪ್ಪ ಹೌಹಾರಿದ.

"ಅಯ್ಯಪ್ಪಾ! ಠಾಣೇದಾರ್ ಸಾಹೇಬ್ರು ನನ್ನ ಚರ್ಮಾ ಸುಲೀತಾರ! ತರ್ರಿ, ತರ್ರಿ, ನಂದು ನನಗ ಕೊಡ್ರಿ!"

ಇಬ್ಬರೂ ಕಾಗದ ತೆಗೆದರು. ಮೋಟಾರು ಕುಲುಕಿತು. ಎರಡೂ ಬಂಡೆಪ್ಪನ ತೊಡೆಯ ಮೇಲೆ ಬಿದ್ದವು. ಅವನು ಒಂದನ್ನು ಸಿದ್ದಪ್ಪನಿಗೆ ಕೊಟ್ಟ, ಅನುಮಾನ ಬಂದು ತಿರುಗಿ ತೆಗೆದುಕೊಂಡ, ಇನ್ನೊಂದನ್ನು ಕೊಟ್ಟ. ಒಂದೇ ಅಳತೆಯ ಕಾಗದ, ಒಂದೇ ಸಹಿ, ಒಂದೇ ಮೊಹರು. ಸಿದ್ದಪ್ಪನಿಗೂ ಉರ್ದು ಬರುತ್ತಿರಲಿಲ್ಲ. ಉರ್ದು ಬಲ್ಲವನಿಗೆ ಕಣ್ಣಿರಲಿಲ್ಲ.

"ನಾಕೇದಾರ್ರ, ಸ್ವಲ್ಪ ನೋಡಿ ಹೇಳ್ರಿ" ಎಂದು ಸಿದ್ದಪ್ಪ ಎರಡನ್ನೂ ಅವನ ಮೂಗಿನ ಹತ್ತಿರ ಹಿಡಿದ.

ತುಳಜಾರಾಮ ಕೈಗೆ ಸಿಕ್ಕ ಒಂದನ್ನು ಮಡಚಿ ಶೇರವಾನಿಯ ಕಿಸೆಗೆ ಹಾಕಿಕೊಂಡ. ಅವನಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು.

ಏರು ಬಂತು. ಜನ ಇಳಿದರು. ಬೆಳಿಗ್ಗೆಯಂತೆ ಅವನನ್ನು ಯಾರೂ ಹಿಡಿದು ಕೂರಿಸಬೇಕಾಗಲಿಲ್ಲ, ತಾನೇ ಕೂತಿದ್ದ. ನೂಕಿ, ಹತ್ತಿ, ಮೋಟಾರು ಮತ್ತೆ ದಾರಿ ಹಿಡಿದಾಗ ಬಂಡೆಪ್ಪ ಅವನ ಮೊಣಕಾಲು ನೀವುತ್ತಾ ಸಮಾಧಾನ ಹೇಳತೊಡಗಿದ. ನಾಳೆಯಿಂದ ಅಕ್ಬರಿ ಬೀಯ ಸುರ್ಮಾ ದಿನಕ್ಕೆರಡು ಸಲ ಹಾಕಬೇಕು. ಮಂಠಾಳದಲ್ಲಿ ಒಬ್ಬ ಜಡಿಬೂಟಿಯವನಿದ್ದಾನೆ, ಬರುವ ತಿಂಗಳ ವಜೀಫೆ ಬಂದ ಕೂಡಲೆ ಇಬ್ಬರೂ ಹೋಗಿ ಬರೋಣ.

"ಹುಣಸಿಗಿಡ ಬಂತು ನೋಡ್ರಿ" ಎಂದ ಸಿದ್ದಪ್ಪ. ಗಂಡಸರು ರುಮಾಲು ತೆಗೆದರು.

ತುಳಜಾರಾಮ ಬಲಕ್ಕೆ ತಿರುಗಿ ಕೈಮುಗಿದ. ಬೆಳಿಗ್ಗೆ ಬಾವಿ ಬಲಗಡೆ ಇತ್ತು. ಈಗ ಮೋಟಾರು ಕಲ್ಯಾಣದ ಕಡೆಗೆ ಮುಖ ಮಾಡಿತ್ತು.

"ಆ ಕಡಿ ಅಲ್ರಿ ನಾಕೇದಾರ್ರ, ಈ ಕಡಿ" ಎಂದು ಬಂಡೆಪ್ಪ ಎರಡೂ ಕೈಯಿಂದ ಅವನ ತಲೆ ಹಿಡಿದು, ಮೆತ್ತಗೆ, ಬಾವಿಯ ಕಡೆಗೆ ತಿರುಗಿಸಿದ.